ನಡೆದದ್ದನ್ನಷ್ಟೇ ಓದುವವನು

ಊರಿಗೆ ನೀರು ಹತ್ತಿಸುವ ಪಂಪ್‌ಹೌಸಿನಲ್ಲಿ ಅವನಿಗೆ ಕೆಲಸ. ಕೆಲಸ ಅಂದರೆ ಮೋಟಾರು ಹಾಕುವುದು, ಒತ್ತಡದ ಮುಳ್ಳು ಎಲ್ಲಿ ನಿಂತಿದೆ ಅಂತ ನೋಡುವುದು, ಪಂಪಿನ ಕತ್ತಿನ ಹತ್ತಿರ ನೀರು ಜಾಸ್ತಿ ತೊಟ್ಟಿಕ್ಕಿದರೆ ಸ್ಪ್ಯಾನರ್ ಹಾಕಿ ಒಂದಿಷ್ಟು ಬಿಗಿ ಮಾಡುವುದು, ಗುಡ್ಡದ ಮೇಲಿನ ಟ್ಯಾಂಕು ತುಂಬಿ ಗೋಡೆಯ ಕೆಂಪು ದೀಪ ಹತ್ತಿಕೊಂಡಾಗ ಎಲ್ಲ ನಿಲ್ಲಿಸುವುದು. ಮಿಕ್ಕ ಹೊತ್ತೆಲ್ಲ ಸುಮ್ಮನೆ ಕೂತಿರಬೇಕು. ಮೋಟಾರಿನ ಗುಂಯ್ ಶಬ್ದದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದ ಜಾಗ ಅದು. ಹಿಂದೆ ಇದ್ದವರು ಅಲ್ಲಿ ಕೂತು ನಿದ್ದೆ ಹೊಡೆಯುತ್ತಿದ್ದರು. ಇವನು ಪುಸ್ತಕ ಓದುತ್ತಿದ್ದ.

ಓದುವುದರಲ್ಲೂ ಅವನದೊಂದು ಹಟ. ಕತೆ, ಕಾದಂಬರಿ ಕೈಯಲ್ಲಿ ಮುಟ್ಟುತ್ತಿರಲಿಲ್ಲ. ನಡೆದದ್ದಾಗಬೇಕು, ಇದ್ದದ್ದಾಗಬೇಕು. ಇರುವೆಗಳ ಬಗ್ಗೆ, ಸಿಮೆಂಟಿನ ಬಗ್ಗೆ, ಕುಸಿದುಬಿದ್ದ ಸೇತುವೆಯ ಬಗ್ಗೆ, ಯಾರೋ ಜೈಲಿನಲ್ಲಿ ಕಳೆದ ವರ್ಷಗಳ ಬಗ್ಗೆ, ಭೂಪಟ ಬರೆದವರ ಬಗ್ಗೆ, ಯಾವುದಾದರೂ ಸರಿ. ಪಂಪ್‌ಹೌಸಿನ ಎದುರು ರಸ್ತೆಯಲ್ಲೇ ಇದ್ದ ಲೈಬ್ರರಿಯ ಮೇಡಂ ಮೊದಮೊದಲು ಒಳ್ಳೊಳ್ಳೆ ಕಾದಂಬರಿ ತೆಗೆದು ಮುಂದಿಟ್ಟು ನೋಡಿದರು. ಇವನು ಹಿಂದುಮುಂದು ತಿರುಗಿಸಿ, "ಇದು ನಿಜವಾಗಿ ನಡೆದದ್ದಾ?" ಅಂತ ಕೇಳುತ್ತಿದ್ದ. ಅಲ್ಲ ಅಂದರೆ ಅಲ್ಲೇ ಬಿಟ್ಟು ಬರುತ್ತಿದ್ದ. ಜೊತೆಯವರು ಅವನಿಗೆ ನಿಜಪ್ಪ ಅಂತ ಹೆಸರಿಟ್ಟಿದ್ದರು. ಅದು ಓದಿಗಷ್ಟೇ ಇಟ್ಟ ಹೆಸರಲ್ಲ. ಬಾಯಿ ತಪ್ಪಿ ಕೂಡ ಸುಳ್ಳು ಹೇಳುವವನಲ್ಲ ಅವನು. ತಡವಾಗಿ ಬಂದರೆ ಬಸ್ಸು ಕೆಟ್ಟಿತು ಅನ್ನದೆ, ಎಚ್ಚರವಾಗಲಿಲ್ಲ ಅನ್ನುತ್ತಿದ್ದ. ಸಾಹೇಬರ ಹೊಸ ಮನೆ ಹೇಗಿದೆ ಎಂದು ಸಾಹೇಬರೇ ಕೇಳಿದಾಗ, ಅಡುಗೆಮನೆಗೆ ಗಾಳಿ ಸಾಲದು ಎಂದಿದ್ದ. ಅದಾದ ಮೇಲೆ ಬಡ್ತಿಯ ವಿಷಯ ಯಾರೂ ಎತ್ತಲಿಲ್ಲ.

ಇದಕ್ಕೊಂದು ಕಾರಣ ಇತ್ತು. ಚಿಕ್ಕವನಿದ್ದಾಗ ಅಪ್ಪ ಎಲ್ಲಿ ಅಂತ ಕೇಳಿದರೆ ಅಮ್ಮ, ಹಡಗಿನಲ್ಲಿ ಕೆಲಸಕ್ಕೆ ಹೋಗಿದ್ದಾರೆ ಅನ್ನುತ್ತಿದ್ದಳು. ಹಡಗು ಯಾವ ಬಂದರಿನಲ್ಲಿದೆ, ಅಲ್ಲಿ ಏನು ಸಿಗುತ್ತದೆ, ಬರುವಾಗ ಏನು ತರುತ್ತಾರೆ ಎಲ್ಲ ಹೇಳುತ್ತಿದ್ದಳು. ಹುಡುಗ ಅದನ್ನೆಲ್ಲ ಶಾಲೆಯಲ್ಲಿ ಬಾಯಿ ತುಂಬ ಹೇಳಿಕೊಂಡು ತಿರುಗಿದ. ಒಂದು ದಿನ ಅದೇ ಊರಿನ ಇನ್ನೊಂದು ತುದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಯ ಮುಂದೆ ಅಪ್ಪನನ್ನು ಕಂಡ. ಹೆಗಲ ಮೇಲೊಂದು ಮಗು ಕೂತಿತ್ತು. ಅಪ್ಪ ಇವನನ್ನು ನೋಡಿ ಕತ್ತು ಆಚೆ ತಿರುಗಿಸಿಕೊಂಡ. ಮನೆಗೆ ಬಂದು ಅಮ್ಮನಿಗೆ ಇವನು ಏನೂ ಹೇಳಲಿಲ್ಲ. ಆದರೆ ಆಮೇಲೆ ಯಾರಾದರೂ ಚೆನ್ನಾಗಿ ಹೆಣೆದು ಏನಾದರೂ ಹೇಳಿದರೆ ಅವನು ಅಲ್ಲಿಂದ ಎದ್ದುಹೋಗುತ್ತಿದ್ದ.

ಇಂಥವನಿಗೆ ಸಿಕ್ಕ ಹೆಂಡತಿಯೋ, ಕತೆ ಅಂದರೆ ಜೀವ ಬಿಡುವವಳು. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದು ಕೊಡುವ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಅಲ್ಲಿನ ಹೆಂಗಸರೆಲ್ಲ ಸೇರಿ ವಾರಪತ್ರಿಕೆಯ ಧಾರಾವಾಹಿಯನ್ನು ಸರದಿಯ ಮೇಲೆ ಓದುತ್ತಿದ್ದರು. ಒಬ್ಬಳು ಓದುವುದು, ಮಿಕ್ಕವರು ಹಬೆಯ ನಡುವೆ ಬಟ್ಟೆ ತಿಕ್ಕುತ್ತ ಕೇಳುವುದು. ಮನೆಗೆ ಬಂದ ಮೇಲೆ ಗಂಡನಿಂದ ಆ ದಿನ ಓದಿದ್ದನ್ನು ಹೇಳಿಸಿಕೊಳ್ಳುವುದು ಅವಳ ರೂಢಿ. ಅವನು ಅಡುಗೆಮನೆಯ ಹೊಸಿಲ ಮೇಲೆ ಕೂತು, ಅಚ್ಚಾದದ್ದನ್ನು ಒಪ್ಪಿಸುವವನಂತೆ ಹೇಳುತ್ತಿದ್ದ. ಇವಳು ತರಕಾರಿ ಹೆಚ್ಚುತ್ತ ನಡುನಡುವೆ ಬಾಯಿ ಹಾಕುತ್ತಿದ್ದಳು.

ಇರುವೆಗಳ ಪುಸ್ತಕ ಬರೆದ ವಿಜ್ಞಾನಿ ಜೀವಮಾನವಿಡೀ ಒಂದೇ ಹುತ್ತದ ಪಕ್ಕ ಕೂತಿದ್ದನಂತೆ ಎಂದು ಅವನು ಬೆರಗಿನಿಂದ ಹೇಳಿದಾಗ ಅವಳು ಕೇಳಿದ್ದು, ಅವನ ಹೆಂಡತಿ ಎಲ್ಲಿ ಕೂತಿದ್ದಳು ಅಂತ. ಹೆಂಡತಿಯ ವಿಷಯ ಮುನ್ನುಡಿಯಲ್ಲಿ ಒಂದು ಸಾಲು ಇದೆ, ತಾಳ್ಮೆಯಿಂದ ಸಹಕರಿಸಿದಳು ಅಂತ ಬರೆದಿದ್ದಾರೆ ಎಂದ. "ಆ ಒಂದು ಸಾಲಲ್ಲಿ ಎಂಥ ಕಾದಂಬರಿ ಇದೆ ಗೊತ್ತಾ ನಿಮಗೆ" ಎಂದು ಅವಳು ನಕ್ಕಳು. ದೊಡ್ಡ ಮನುಷ್ಯರೊಬ್ಬರ ಜೀವನಚರಿತ್ರೆಯನ್ನು ಅವನು ಅರ್ಧಕ್ಕೇ ವಾಪಸ್ ಕೊಟ್ಟ. ಆ ಮನುಷ್ಯನಿಗೆ ನಾನೂರು ಪುಟದಲ್ಲಿ ಒಂದು ದಿನವೂ ಹೊಟ್ಟೆ ನೋವು ಬಂದಿಲ್ಲ, ಒಬ್ಬರ ಮೇಲೂ ಹೊಟ್ಟೆಕಿಚ್ಚು ಪಟ್ಟಿಲ್ಲ, ಇದನ್ನು ಹೇಗೆ ನಂಬೋದು ಅಂತ ಅವನ ದೂರು. ಜೈಲಿನ ಪುಸ್ತಕ ಮಾತ್ರ ಅವನನ್ನು ಹಿಡಿದುಬಿಟ್ಟಿತು. ಬಿಡುಗಡೆಯಾದ ದಿನ ಆ ಕೈದಿ ಮನೆಯ ಬಾಗಿಲ ಮುಂದೆ ಬಂದು ನಿಂತೇ ಇದ್ದನಂತೆ, ಯಾರಾದರೂ ಬಂದು ತೆಗೆಯಲಿ ಅಂತ. ಬಾಗಿಲು ತಾನೇ ತೆಗೆಯಬಹುದು ಅನ್ನುವುದೇ ಮರೆತುಹೋಗಿತ್ತಂತೆ. ಇದನ್ನು ಹೇಳುವಾಗ ನಿಜಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಅವಳು ಹೆಚ್ಚುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. ಕತೆ ಬೇಡ ಅನ್ನುವವನು ಕತೆಗೇ ಅಳುತ್ತಿದ್ದಾನೆ ಅಂತ ಆಡಿಕೊಳ್ಳಬಹುದಿತ್ತು. ಆಡಿಕೊಳ್ಳಲಿಲ್ಲ.

ಮಕ್ಕಳಾಗಲಿಲ್ಲ. ಇಬ್ಬರೂ ಅದಕ್ಕೆ ಹೊಂದಿಕೊಂಡಿದ್ದರು. ಅವಳ ಕಡೆಯವರು ಅಂತ ಇದ್ದದ್ದು ಒಬ್ಬಳೇ ಅಕ್ಕ, ದೂರದ ಕಡಲ ಊರಿನಲ್ಲಿ. ಅಮ್ಮನ ಕೊನೆಗಾಲದಲ್ಲಿ ಯಾರು ಎಷ್ಟು ನೋಡಿಕೊಂಡರು ಅನ್ನುವ ಮಾತಿಗೆ ಅಕ್ಕ ತಂಗಿ ಕಚ್ಚಾಡಿ ಬಹಳ ವರ್ಷ ಮಾತು ಬಿಟ್ಟಿದ್ದರು. ಅಕ್ಕನ ಗಂಡ ಪಾರ್ಶ್ವವಾಯು ಬಡಿದು ಮಲಗಿದ ಮೇಲೆ ಅಕ್ಕನೇ ಫೋನು ಮಾಡಿದಳು. ಆಮೇಲೆ ವಾರಕ್ಕೊಮ್ಮೆ ಮಾತು ನಡೆಯುತ್ತಿತ್ತು. ಬರಿ ಮಾತು. ಮುಖ ನೋಡಿರಲಿಲ್ಲ. ಅಕ್ಕನಿಗೆ ಮಲಗಿದ ಗಂಡನನ್ನು ಬಿಟ್ಟು ಬರಲು ಸಾಧ್ಯವಿರಲಿಲ್ಲ, ಇವಳಿಗೆ ರಜೆ ಕೂಡಿಬಂದಿರಲಿಲ್ಲ.

ರಜೆ ಕೂಡಿಬಂದದ್ದು ಕಾಯಿಲೆಗೆ. ಮೊದಲು ಊಟ ಸೇರುತ್ತಿಲ್ಲ ಅಂದಳು. ಬಳೆ ಮೊಣಕೈವರೆಗೆ ಜಾರತೊಡಗಿತು. ಲಾಂಡ್ರಿಯ ಹಬೆಗೆ ಹೀಗಾಗುತ್ತದೆ ಅಂತ ತಾನೇ ಸಮಾಧಾನ ಹೇಳಿಕೊಂಡಳು. ಕಣ್ಣು ಹಳದಿಯಾದಾಗ ಅವನು ಆಸ್ಪತ್ರೆಗೆ ಕರೆದೊಯ್ದ. ಪರೀಕ್ಷೆಗಳಾದವು. ಡಾಕ್ಟರು ಅವಳನ್ನು ಹೊರಗೆ ಕೂರಿಸಿ ಇವನೊಬ್ಬನಿಗೆ ಹೇಳಿದರು: ಹೊಟ್ಟೆಯ ಒಳಗೆ, ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಇದೆ, ಕತ್ತರಿಸಿ ತೆಗೆಯುವ ಹಂತ ದಾಟಿದೆ, ನೋವಿಗೆ ಔಷಧಿ ಕೊಡಬಹುದು. ಎಷ್ಟು ದಿನ ಅಂತ ಇವನು ಕೇಳಿದ್ದಕ್ಕೆ, ತಿಂಗಳುಗಳ ಲೆಕ್ಕ ಹಾಕಿ, ವರ್ಷದ ಲೆಕ್ಕ ಬೇಡ ಎಂದರು. ಅವಳಿಗೆ ಏನು ಹೇಳಬೇಕು ಅನ್ನುವುದನ್ನು ನೀವೇ ಯೋಚಿಸಿ ಎಂದೂ ಸೇರಿಸಿದರು. ಹೊರಗೆ ಬಂದಾಗ ಅವಳಿಗೆ ಇವನು ಹೇಳಿದ್ದು ಒಳಗೆ ಗಡ್ಡೆ ಇದೆಯಂತೆ ಅಂತಷ್ಟೇ. ಅದು ನಿಜವೇ ಆಗಿತ್ತು.

ಮರುದಿನ ಅವನು ಲೈಬ್ರರಿಗೆ ಹೋಗಿ ಆ ಕಾಯಿಲೆಯ ಮೇಲಿನ ಪುಸ್ತಕ ಕೇಳಿದ. ಮೇಡಂ ಒಳಗಿನ ಕಪಾಟಿನಿಂದ ದಪ್ಪನೆಯದೊಂದು ತಂದುಕೊಟ್ಟರು. ಬರೆದವರು ಬಹಳ ಕಾಲ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು. ಇಷ್ಟು ವರ್ಷ ಅವನಿಗೆ ಪುಸ್ತಕದಲ್ಲಿ ಹಿಡಿಸುತ್ತಿದ್ದದ್ದು ಯಾವುದೋ ಅದೆಲ್ಲ ಇದರಲ್ಲಿತ್ತು. ಉಬ್ಬಿಸಿ ಬರೆದಿರಲಿಲ್ಲ, ಸಕ್ಕರೆ ಸವರಿರಲಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆದಿದ್ದರು. ಗೊತ್ತಿದ್ದದ್ದನ್ನು ಎರಡು ಪುಟದಲ್ಲಿ ಮುಗಿಸಿದ್ದರು. ಆ ಎರಡು ಪುಟವನ್ನು ಅವನು ಪಂಪ್‌ಹೌಸಿನಲ್ಲಿ ಕೂತು ಮತ್ತೆ ಮತ್ತೆ ಓದಿದ. ಎಲ್ಲಾದರೂ ಒಂದು "ಆದರೆ" ಇದೆಯೇನೋ ಅಂತ ಹುಡುಕಿದ. ಕೆಂಪು ದೀಪ ಹತ್ತಿದ್ದು ಕಾಣಲಿಲ್ಲ. ಟ್ಯಾಂಕು ತುಂಬಿ, ಗುಡ್ಡದಿಂದ ನೀರು ಇಳಿದು ರಸ್ತೆಗೆಲ್ಲ ಹರಿದ ಮೇಲೆ ಯಾರೋ ಓಡಿಬಂದು ಮೋಟಾರು ನಿಲ್ಲಿಸಿದರು. ಓದುತ್ತಾ ಕೂತಿದ್ದೆ ಅಂತ ಅವನೇ ಸಾಹೇಬರಿಗೆ ಹೇಳಿ ಬೈಸಿಕೊಂಡು ಮನೆಗೆ ಬಂದ.

ಆ ಸಂಜೆ ಅವಳು ಅಡುಗೆಮನೆಯಲ್ಲಿರಲಿಲ್ಲ. ಕಿಟಕಿಯ ಪಕ್ಕದ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಅವನ ಚೀಲದೊಳಗಿನ ಪುಸ್ತಕದ ಮೂಲೆ ಹೊರಗೆ ಕಾಣುತ್ತಿತ್ತು.

"ಓದಿದ್ರಲ್ಲ. ಏನು ಬರೆದಿದ್ದಾರೆ?" ಎಂದಳು.

ಅವನು ಚಪ್ಪಲಿ ಬಿಟ್ಟ. ಚೀಲವನ್ನು ಮೊಳೆಗೆ ಹಾಕಿದ. ಅವಳ ಮುಖದಲ್ಲಿ ಇಣುಕುತ್ತಿದ್ದ ಹೆದರಿಕೆಯನ್ನು ಅವನು ಮದುವೆಯಾದಾಗಿನಿಂದ ಒಮ್ಮೆಯೂ ಕಂಡಿರಲಿಲ್ಲ.

"ಗುಣ ಆಗುತ್ತಂತೆ," ಎಂದ. "ಸ್ವಲ್ಪ ಕಾಲ ಹಿಡಿಯುತ್ತೆ. ಆದರೆ ಆಗುತ್ತೆ."

ನಾಲಿಗೆ ತೊದಲಲಿಲ್ಲ. ಅವನಿಗೇ ಅದು ಆಶ್ಚರ್ಯ. ಅವಳು ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆ ಉಸಿರನ್ನು ಎಷ್ಟು ದಿನದಿಂದ ಹಿಡಿದಿಟ್ಟುಕೊಂಡಿದ್ದಳೋ. ಆಮೇಲೆ, ಈ ಮಾತನ್ನು ಡಾಕ್ಟರ್ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ, ಅವರು ಎಲ್ಲರಿಗೂ ಹಾಗೇ ಹೇಳುತ್ತಾರೆ, ನೀವು ಹೇಳಿದಿರಲ್ಲ, ಇನ್ನು ಚಿಂತೆಯಿಲ್ಲ ಎಂದಳು. ಆ ದಿನ ಎರಡು ತುತ್ತು ಹೆಚ್ಚಿಗೇ ಉಂಡಳು.

ಅಲ್ಲಿಂದ ಮುಂದಿನ ದಿನಗಳು ವಿಚಿತ್ರವಾಗಿದ್ದವು. ಮೈ ಇಳಿಯುತ್ತಿತ್ತು, ಮನಸ್ಸು ಏರುತ್ತಿತ್ತು. ಲಾಂಡ್ರಿಯ ಗೆಳತಿಯರು ಬಂದರೆ, ನನ್ನ ಇಸ್ತ್ರಿ ಮೇಜು ಬೇರೆ ಯಾರಿಗೂ ಕೊಡಬೇಡಿ ಅಂತ ತಾಕೀತು ಮಾಡುತ್ತಿದ್ದಳು. ಕಿಟಕಿಗೆ ಹೊಸ ಪರದೆ ಬೇಕು ಅಂತ ಬಟ್ಟೆ ತರಿಸಿದಳು, ಮಲಗಿದಲ್ಲೇ ಅಂಚು ಹೊಲಿದಳು. ನೋವು ಬಂದಾಗ ಹಲ್ಲು ಕಚ್ಚಿಕೊಂಡು, ಗುಣ ಆಗುವಾಗ ಹೀಗೇ ನೋಯುತ್ತಾ ಅಂತ ಕೇಳುತ್ತಿದ್ದಳು. ಅವನು ಹೌದು ಅನ್ನುತ್ತಿದ್ದ. ಒಂದು ಸುಳ್ಳು ಹೇಳಿ ಮುಗಿಯಿತು ಅಂದುಕೊಂಡಿದ್ದ. ಅದಕ್ಕೆ ದಿನಾ ಉಣ್ಣಿಸಬೇಕು ಅನ್ನುವುದು ಅವನಿಗೆ ಗೊತ್ತಿರಲಿಲ್ಲ.

ಅಕ್ಕನ ಫೋನು ಬರುತ್ತಿತ್ತು. ಬಂದುಹೋಗು, ನಿನ್ನನ್ನು ನೋಡಬೇಕು ಅನಿಸಿದೆ ಅಂತ ಅಕ್ಕ ಕರೆದಳು. ಇವಳು, ಹುಷಾರಾದ ಮೇಲೆ ಬಂದು ತಿಂಗಳು ಪೂರ್ತಿ ಇರ್ತೀನಿ ಎಂದಳು. ಹೀಗೆ ಕಡ್ಡಿಯಾಗಿ ಹೋಗಿ ನಿಂತರೆ ಅಕ್ಕ ಅಳುತ್ತಾಳೆ, ಅವಳಿಗೆ ಇರುವ ಕಷ್ಟವೇ ಸಾಕು ಅಂತ ಅವಳ ಲೆಕ್ಕ. ಗಂಡ ಪಕ್ಕದಲ್ಲೇ ಕೂತು ಕೇಳುತ್ತಿದ್ದ. ಫೋನು ಇಟ್ಟ ಮೇಲೆ, ಈಗಲೇ ಹೋಗಿಬರೋಣ, ರೈಲಿನಲ್ಲಿ ಮಲಗಿಕೊಂಡೇ ಹೋಗಬಹುದು ಎಂದ.

"ಈಗೇನು ಅವಸರ?" ಎಂದಳು ಅವಳು.

ಅದೊಂದು ಪ್ರಶ್ನೆಗೆ ಅವನ ಬಳಿ ಉತ್ತರ ಇತ್ತು. ಅದನ್ನು ಬಿಟ್ಟು, ಗಾಳಿ ಬದಲಾದರೆ ಒಳ್ಳೆಯದು ಅಂತ ಏನೋ ಹೇಳಿದ. ಹೋದಾಗ ಅಕ್ಕನ ಜೊತೆ ಜಗಳ ಮಾತ್ರ ಆಡಲ್ಲ ಎಂದು ಅವಳು ನಕ್ಕು ಮಾತು ಬದಲಿಸಿದಳು. ಅಕ್ಕನಿಗೆ ತಾನೇ ಫೋನು ಮಾಡಿ ಇದ್ದದ್ದು ಹೇಳಿಬಿಡಲೇ ಅಂತ ಪಂಪ್‌ಹೌಸಿನಲ್ಲಿ ಕೂತು ಎಷ್ಟೋ ಸಲ ಯೋಚಿಸಿದ. ಹೇಳಿದರೆ ಅಕ್ಕ ತಂಗಿಯ ಜೊತೆ ಮಾತಾಡುವಾಗ ಅಳದೆ ಇರುತ್ತಾಳೆಯೇ? ಅತ್ತರೆ ಇವಳಿಗೆ ಗೊತ್ತಾಗದೆ ಇರುತ್ತದೆಯೇ? ಇನ್ನೊಂದು ವಾರ ನೋಡೋಣ ಅಂದುಕೊಂಡ. ಆ ವಾರ ಕಳೆದ ಮೇಲೆ ಮತ್ತೊಂದು ವಾರ ಅಂದುಕೊಂಡ.

ತಿಂಗಳುಗಳು ಎಂದಿದ್ದರು ಡಾಕ್ಟರು. ಅಷ್ಟೂ ಸಿಗಲಿಲ್ಲ. ಒಂದು ಬೆಳಗ್ಗೆ ಜ್ವರ ಏರಿತು, ಮಾತು ತಡವರಿಸಿತು. ಆಸ್ಪತ್ರೆಗೆ ಸೇರಿಸಿದ. ಮಾರನೆಯ ಮಧ್ಯಾಹ್ನ ಸ್ವಲ್ಪ ಎಚ್ಚರಾಗಿ ಕಣ್ಣು ಬಿಟ್ಟಳು. ಸುತ್ತಲಿನ ನಳಿಗೆಗಳನ್ನು, ಬಾಟಲಿಯನ್ನು, ನರ್ಸಿನ ಮುಖವನ್ನು ಒಂದೊಂದಾಗಿ ನೋಡಿದಳು. ಕೊನೆಗೆ ಇವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಅವನು ತಲೆ ತಗ್ಗಿಸಿದ.

"ನೀವು ಓದಿದ್ದು ಹಳೇ ಪುಸ್ತಕ ಇರಬೇಕು," ಎಂದಳು. "ನಿಮ್ಮದೇನು ತಪ್ಪು, ಬಿಡಿ."

ಅವನು ಅವಳ ಕೈ ಹಿಡಿದುಕೊಂಡ. ಆಮೇಲೆ ಅವಳಿಗೆ ಎಚ್ಚರ ತಪ್ಪಿತು, ಮರುದಿನವೆಲ್ಲ ಹಾಗೇ ಇದ್ದು ಹೋಗಿಬಿಟ್ಟಳು. ಅವಳಿಗೆ ಗೊತ್ತಾಗಿತ್ತೇ, ಗೊತ್ತಾಗಿಯೂ ಅವನನ್ನು ಉಳಿಸಲು ಹಾಗೆ ಹೇಳಿದಳೇ, ಇಲ್ಲಾ ನಿಜವಾಗಿಯೂ ಪುಸ್ತಕದ ಮೇಲೆ ತಪ್ಪು ಹೊರಿಸಿದಳೇ, ಅದು ಅವನಿಗೆ ಯಾವತ್ತೂ ತಿಳಿಯಲಿಲ್ಲ.

ಅಕ್ಕ ಬಂದಳು. ಗಂಡನನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಸಿಕ್ಕ ರೈಲು ಹತ್ತಿ, ಎಲ್ಲ ಮುಗಿದ ಮೇಲೆ ತಲುಪಿದಳು. ಮನೆಯಲ್ಲಿ ಹೊಸ ಪರದೆಯ ಕೆಳಗೆ ಖಾಲಿ ಮಂಚ ಇತ್ತು. ಅಕ್ಕ ಅದರ ಮೇಲೆ ಕೂರದೆ ನೆಲದ ಮೇಲೆ ಕೂತಳು. ಮೊದಲು ಅತ್ತಳು. ಅತ್ತು ಮುಗಿದ ಮೇಲೆ ಕೇಳಿದಳು.

"ಗುಣ ಆಗುತ್ತೆ ಅಂತ ನೀವು ಹೇಳಿದ್ರಂತೆ. ನಮ್ಮನೆಯವರು ಸುಳ್ಳು ಹೇಳೋರಲ್ಲ ಅಕ್ಕಾ, ಅದಕ್ಕೇ ನನಗೆ ಧೈರ್ಯ ಅಂದಿದ್ದಳು ಫೋನಲ್ಲಿ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನನಗೆ ಒಂದು ಮಾತು ಹೇಳಬಾರದಿತ್ತಾ? ಇವತ್ತು ಪಕ್ಕದವರಿಗೆ ಒಪ್ಪಿಸಿ ಬಂದೆನಲ್ಲ, ಅವತ್ತೇ ಒಪ್ಪಿಸಿ ಬರ್ತಿದ್ದೆ. ಅವಳ ಹತ್ತಿರ ನನಗೆ ಒಂದು ದಿನದ ಮಾತಿತ್ತು. ಅಷ್ಟೇ."

ಅಕ್ಕ ಅವತ್ತೇ ಹೊರಟಳು. ಸ್ಟೇಷನ್ನಿಗೆ ಬಿಡಲು ಬರುತ್ತೇನೆ ಅಂತ ಇವನು ಚಪ್ಪಲಿ ಮೆಟ್ಟುವಷ್ಟರಲ್ಲಿ ನಡೆದುಹೋದಳು.

ಬಹಳ ದಿನ ಅವನು ಓದಲಿಲ್ಲ. ಪಂಪ್‌ಹೌಸಿನಲ್ಲಿ ಮುಳ್ಳನ್ನೇ ನೋಡುತ್ತ ಕೂರುತ್ತಿದ್ದ. ಡಾಕ್ಟರ ಪುಸ್ತಕ ವಾಪಸ್ ಕೊಡಲು ಹೋದಾಗ ಲೈಬ್ರರಿ ಮೇಡಂ ಇನ್ನೊಂದನ್ನು ಕೈಗಿತ್ತರು. ಹಿಮದ ನಾಡಿಗೆ ಹೋಗಿ ಸಿಕ್ಕಿಬಿದ್ದ ತಂಡವೊಂದರ ನಾಯಕ ಬರೆದದ್ದು. ಬೇಡ ಅನ್ನಲು ತೋಚದೆ ತಂದ. ನಾಯಕನ ಪ್ರಕಾರ ತಂಡದವರೆಲ್ಲ ಕೊನೆಯವರೆಗೂ ಒಬ್ಬರಿಗೊಬ್ಬರು ಆಸರೆಯಾಗಿದ್ದರು. ಅದೇ ತಂಡದ ಅಡುಗೆಯವನೂ ಒಂದು ಪುಸ್ತಕ ಬರೆದಿದ್ದ. ಅದನ್ನೂ ಓದಿದ. ಅಡುಗೆಯವನ ಪ್ರಕಾರ, ಸಾಯುತ್ತಿದ್ದ ಒಬ್ಬನನ್ನು ಡೇರೆಯಲ್ಲಿ ಬಿಟ್ಟು ಬಂದಿದ್ದರು. ನಾಳೆ ಬರುತ್ತೇವೆ ಅಂತ ಅವನಿಗೆ ಹೇಳಿ ಬಂದಿದ್ದರು. ಇಬ್ಬರೂ ಅಲ್ಲೇ ಇದ್ದವರು, ಎರಡೂ ನಡೆದದ್ದರ ಪುಸ್ತಕ. ಹಿಂದಿನ ನಿಜಪ್ಪನಾಗಿದ್ದರೆ ನಾಯಕನ ಪುಸ್ತಕವನ್ನು ಕಪಾಟಿನಿಂದ ತೆಗೆದುಹಾಕಿ ಅಂತ ಜಗಳ ಆಡುತ್ತಿದ್ದ. ಈಗ ಅವನು ನಾಯಕನ ಆ ಪುಟವನ್ನು ತೆರೆದಿಟ್ಟು, ಈ ಮನುಷ್ಯ ಈ ಸಾಲು ಬರೆಯುವಾಗ ಎಷ್ಟು ಹೊತ್ತು ಪೆನ್ನು ಹಿಡಿದು ಕೂತಿದ್ದನೋ ಅಂತ ಯೋಚಿಸಿದ.

ಆಮೇಲೆ ಓದಿದ್ದು ಒಬ್ಬ ಶಾಲಾ ಟೀಚರಮ್ಮನ ನೆನಪುಗಳು. ಆಕೆಯ ತಾಯಿಗೂ ಇಂಥದೇ ಕಾಯಿಲೆ. ಆಕೆ ಇದ್ದದ್ದನ್ನು ಇದ್ದಹಾಗೆ ತಾಯಿಗೆ ಹೇಳಿದ್ದಳು. ತಾಯಿ ಅವತ್ತು ಗೋಡೆಯ ಕಡೆ ಮುಖ ಮಾಡಿಕೊಂಡವಳು, ಮತ್ತೆ ಮಗಳ ಜೊತೆ ಮಾತೇ ಆಡಲಿಲ್ಲ. ಹೇಳಬಾರದಿತ್ತು ಅಂತ ಟೀಚರಮ್ಮ ಪುಸ್ತಕದುದ್ದಕ್ಕೂ ಕೊರಗಿದ್ದಳು. ಇದನ್ನು ಓದಿ ನಿಜಪ್ಪನಿಗೆ ಸಮಾಧಾನ ಆಯಿತೇ ಅಂದರೆ ಇಲ್ಲ. ಹೇಳಿ ಸುಟ್ಟುಕೊಂಡವಳು ಒಬ್ಬಳು ಇದ್ದಾಳೆ, ಹೇಳದೆ ಸುಟ್ಟುಕೊಂಡವನು ತಾನು, ಅಷ್ಟು ತಿಳಿಯಿತು. ಹೆಂಡತಿಗೆ ಹೇಳಬೇಕಿತ್ತೋ ಬೇಡವೋ ಅವನಿಗೆ ಇನ್ನೂ ಗೊತ್ತಿರಲಿಲ್ಲ. ಅಕ್ಕನಿಗೆ ಹೇಳಬೇಕಿತ್ತು. ಅದರಲ್ಲಿ ಎರಡು ಮಾತಿರಲಿಲ್ಲ.

ಚಳಿ ಕಳೆಯುತ್ತಿದ್ದಂತೆ ರಜೆ ಹಾಕಿ ಕಡಲ ಊರಿಗೆ ಹೋದ. ಫೋನು ಮಾಡಿರಲಿಲ್ಲ. ಬಾಗಿಲು ತೆರೆದ ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿ, ಒಳಗೆ ಬನ್ನಿ ಅನ್ನದೆ ಬಾಗಿಲನ್ನು ಮಾತ್ರ ತೆರೆದೇ ಬಿಟ್ಟು ಒಳಗೆ ಹೋದಳು. ಅವನೂ ಹಿಂದೆ ಹೋದ. ಒಂದೇ ಕೋಣೆ. ಗೋಡೆ ಉಪ್ಪುಗಾಳಿಗೆ ಉದುರುತ್ತಿತ್ತು. ಮಂಚದ ಮೇಲೆ ಅವಳ ಗಂಡ ಮಲಗಿದ್ದ. ಬಾಯಿ ಒಂದು ಕಡೆ ಸೊಟ್ಟಗಿತ್ತು, ಕಣ್ಣು ಚುರುಕಾಗಿತ್ತು. ಅಕ್ಕ ಚಹಾ ಕೊಟ್ಟಳು. ಅವನು ಕುಡಿದ.

ಲೋಟ ಕೆಳಗಿಟ್ಟ ಮೇಲೆ ಅಕ್ಕ, ಆ ದಿನಗಳದೆಲ್ಲ ಹೇಳಿ, ಒಂದೂ ಬಿಡಬೇಡಿ ಎಂದಳು. ಅವನು ಹೇಳಿದ. ಅಡುಗೆಮನೆಯ ಹೊಸಿಲ ಮೇಲೆ ಕೂತು ಪುಸ್ತಕಗಳನ್ನು ಹೇಳುತ್ತಿದ್ದ ಹಾಗಲ್ಲ, ತಡೆದು ತಡೆದು, ಹಿಂದುಮುಂದಾಗಿ. ಎಷ್ಟು ಉಂಡಳು, ಏನಕ್ಕೆ ನಕ್ಕಳು, ಪರದೆಗೆ ಯಾವ ಬಣ್ಣ ಆರಿಸಿದಳು, ನೋವು ಎಲ್ಲಿ ಬರುತ್ತಿತ್ತು. ಹಳೇ ಪುಸ್ತಕ ಇರಬೇಕು ಅಂದದ್ದನ್ನೂ ಹೇಳಿದ.

"ಕೊನೆಗೆ ನನ್ನನ್ನ ಕೇಳಿದಳಾ?" ಎಂದಳು ಅಕ್ಕ.

ಕೇಳಿದಳು ಅಂದರೆ ಆ ಹೆಂಗಸಿನ ಎದೆಯ ಭಾರ ಎಷ್ಟೋ ಇಳಿಯುತ್ತಿತ್ತು. ಅದು ಅವನಿಗೆ ಗೊತ್ತಿತ್ತು. ಒಂದು ಗಳಿಗೆ ಆ ಮಾತು ತುಟಿಯವರೆಗೂ ಬಂತು.

"ಇಲ್ಲ," ಎಂದ. "ಕೊನೆಯ ದಿನ ಪ್ರಜ್ಞೆ ಇರಲಿಲ್ಲ. ಅದಕ್ಕೂ ಹಿಂದಿನ ದಿನ ಕೇಳಲಿಲ್ಲ. ಮನೇಲಿದ್ದಾಗ ನಿಮ್ಮ ಊರಿಗೆ ಹೋಗೋ ಮಾತು ಆಡ್ತಿದ್ದಳು. ಹೋದರೆ ನಿಮ್ಮ ಜೊತೆ ಜಗಳ ಆಡಲ್ಲ ಅಂತಿದ್ದಳು."

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಮಂಚದ ಮೇಲಿನ ಗಂಡನ ಕಣ್ಣಿನಿಂದಲೂ ನೀರು ಇಳಿದು ಕಿವಿಯೊಳಕ್ಕೆ ಹೋಯಿತು. ಒರೆಸಿಕೊಳ್ಳಲು ಅವನ ಕೈ ಏಳುವಂತಿರಲಿಲ್ಲ. ನಿಜಪ್ಪ ಎದ್ದು ಹೋಗಿ ಒರೆಸಿದ. ಹಾಗೆ ಬಗ್ಗಿದಾಗ ಹಾಸಿಗೆ ಒದ್ದೆಯಾಗಿರುವುದು ಅವನಿಗೆ ಗೊತ್ತಾಯಿತು. ಅಕ್ಕನಿಗೆ ಹೇಳಿದ. ಅವಳು ಮೂಗು ಒರೆಸಿಕೊಂಡು, ಪೆಟ್ಟಿಗೆಯಿಂದ ಒಣಗಿದ ಬಟ್ಟೆ ತೆಗೆದಳು.

"ಬೆನ್ನಿಗೆ ಕೈ ಕೊಟ್ಟು ಆ ಕಡೆ ಹೊರಳಿಸಿ ಹಿಡ್ಕೊಳ್ಳಿ," ಎಂದಳು. "ಹುಷಾರು, ಆ ಭುಜ ನೋಯುತ್ತೆ."

ಅವನು ಹಿಡಿದುಕೊಂಡ. ಅವಳು ಒದ್ದೆ ಬಟ್ಟೆ ಎಳೆದು ಹೊಸದನ್ನು ಹಾಸಿ, ಮೂಲೆಗಳನ್ನು ಬಿಗಿಯಾಗಿ ಒಳಗೆ ಸೇರಿಸಿದಳು.